ಮೊಸರು ಮೇಕರ್‌ಗೆ ಜೈ, ಜೊತೆಗೆ ಕೊಟ್ಟ ‘ಪ್ರೋಬಯಾಟಿಕ್’ ಪುಡಿಗೆ ಕೈಮುಗಿದೆ

ಡಿಸೆಂಬರ್ ಬಂತೆಂದರೆ ಬೆಂಗಳೂರಿನಲ್ಲಿ ಮೊಸರು ಹೆಪ್ಪಾಗುವುದೇ ಕಷ್ಟ. ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ. ನಮ್ಮದು ಗಿರಿನಗರದಲ್ಲಿ ಬಿಸಿಲೇ ಬೀಳದ ಗ್ರೌಂಡ್ ಫ್ಲೋರ್ ಬೇರೆ. ಅತ್ತೆ ಪಾತ್ರೆಗೆ ಟವೆಲ್ ಸುತ್ತಿ ಅಕ್ಕಿ ಡಬ್ಬದಲ್ಲಿ ಹೂತಿಡುತ್ತಿದ್ದರು. ಬೆಳಗ್ಗೆ ತೆಗೆದು ನೋಡಿದರೆ ಇನ್ನೂ ಹಾಲೇ. ಹಾಗಾಗಿ ಹೋದ ವರ್ಷ 1,300 ರೂಪಾಯಿ ಕೊಟ್ಟು ಕರೆಂಟಿನ ಮೊಸರು ಮೇಕರ್ ತರಿಸಿದೆ. "ಮೊಸರಿಗೂ ಕರೆಂಟು ಬೇಕೇನಮ್ಮಾ?" ಅಂದರು ಅತ್ತೆ. ಈಗ ರಾತ್ರಿ ಸ್ವಿಚ್ ಹಾಕುವವರು ಅವರೇ.

ವ್ಯಾಟ್, ಲೀಟರ್ ಎಲ್ಲ ಬಾಕ್ಸ್ ಮೇಲೇ ಇದೆ, ನೋಡಿಕೊಳ್ಳಿ. ನಾನು ಮಾಡುವ ರೀತಿ ಹೇಳುತ್ತೇನೆ. ಊಟ ಮುಗಿದ ಮೇಲೆ ಹಾಲು ಕಾಯಿಸಿ, ಉಕ್ಕು ಬಂದ ಮೇಲೂ ಸಣ್ಣ ಉರಿಯಲ್ಲಿ ಸ್ವಲ್ಪ ಹೊತ್ತು ಬಿಡುತ್ತೇನೆ. ಚೆನ್ನಾಗಿ ಕಾದ ಹಾಲಿನ ಮೊಸರು ಗಟ್ಟಿ ಬರುತ್ತದೆ. ಆಮೇಲೆ ಕಿರುಬೆರಳು ಅದ್ದಿ ನೋಡುವುದು. ಬಿಸಿ ಗೊತ್ತಾಗಬೇಕು, ಸುಡಬಾರದು. ಒಂದು ಚಮಚ ಹೆಪ್ಪನ್ನು ಸ್ಟೀಲ್ ಡಬ್ಬಿಯ ಒಳಗೋಡೆಗೆ ಸವರಿ, ಮೇಲಿಂದ ಹಾಲು ಸುರಿದು ಮುಚ್ಚಳ ಒತ್ತಿದರೆ ಆಯಿತು. ಮೊಸರಿನ ಬ್ಯಾಕ್ಟೀರಿಯಾಗಳಿಗೆ ಹಿತವಾದದ್ದು 40ರಿಂದ 45 ಡಿಗ್ರಿ. ಮೆಷಿನ್ ಆ ಬಿಸಿಯನ್ನು ಇಡೀ ರಾತ್ರಿ ಕಾಯುತ್ತದೆ. ಅವು ಹಾಲಿನ ಸಕ್ಕರೆಯನ್ನು ತಿಂದು ಹುಳಿ ಬಿಡುತ್ತವೆ, ಆ ಹುಳಿಗೆ ಹಾಲಿನ ಪ್ರೋಟೀನ್ ಗಟ್ಟಿಯಾಗುತ್ತದೆ. ಬೆಳಗ್ಗೆ ಡಬ್ಬಿ ಓರೆ ಮಾಡಿದರೂ ಮೊಸರು ಅಲುಗುವುದಿಲ್ಲ. ಚಮಚ ಹಾಕಿದ ಜಾಗದಲ್ಲಿ ಕತ್ತರಿಸಿದ ಗೋಡೆ ಹಾಗೇ ನಿಂತಿರುತ್ತದೆ. ಮೇಲೆ ತೆಳ್ಳಗೆ ಹಳದಿ ಕೆನೆ. ಇಷ್ಟಕ್ಕೇ ದುಡ್ಡು ವಸೂಲಾಯಿತು.

ಇಲ್ಲಿಂದ ಮುಂದೆ ತಕರಾರು. ಹಲ್ಲಿನ ಸೋಂಕಿಗೆ ಆಂಟಿಬಯಾಟಿಕ್ ತಗೊಂಡು ಹೊಟ್ಟೆ ಕೆಟ್ಟಿದ್ದ ಸಮಯ ಅದು. ಆ ಮಾತ್ರೆಗಳಿಗೆ ಒಳ್ಳೆಯದು ಕೆಟ್ಟದ್ದು ಅಂತ ಭೇದ ಇಲ್ಲ, ಕರುಳಿನ ಒಳ್ಳೆ ಬ್ಯಾಕ್ಟೀರಿಯಾಗಳನ್ನೂ ಗುಡಿಸಿ ಹಾಕುತ್ತವೆ. ಅದಕ್ಕೇ ಮೆಷಿನ್ ಜೊತೆ ‘ಪ್ರೋಬಯಾಟಿಕ್ ಹೆಪ್ಪಿನ ಪುಡಿ’ ಸಿಗುವ ಕಾಂಬೋ ಆರಿಸಿದೆ. ಪುಡಿಯ ಪ್ಯಾಕೆಟ್ ಮೇಲೆ ಏನಿತ್ತು? "ಕೋಟ್ಯಂತರ ಒಳ್ಳೆಯ ಬ್ಯಾಕ್ಟೀರಿಯಾ." ಯಾವ ಬ್ಯಾಕ್ಟೀರಿಯಾ? ಎಷ್ಟು ಕೋಟಿ? ಸುದ್ದಿಯೇ ಇಲ್ಲ. ಪ್ರೋಬಯಾಟಿಕ್ ಅನ್ನಬೇಕಾದರೆ ಅದು ಜೀವಂತ ಇರಬೇಕು, ಸಾಕಷ್ಟು ಸಂಖ್ಯೆಯಲ್ಲಿ ಇರಬೇಕು, ಅದರಿಂದ ಆರೋಗ್ಯಕ್ಕೆ ಉಪಯೋಗ ಆಗಬೇಕು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದಲ್ಲೂ ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು ಅಂತಿದೆ. ಒಂದೊಂದು ತಳಿಯ ಕೆಲಸ ಒಂದೊಂದು. ತಳಿಯ ಹೆಸರೇ ಇಲ್ಲದ ಪುಡಿಯನ್ನು ಏನಂತ ನಂಬುವುದು? ಕಂಪನಿಗೆ ಮೇಲ್ ಹಾಕಿ ಕೇಳಿದೆ. ಮರುದಿನವೇ ಉತ್ತರ ಬಂತು: ಡಿಸ್ಕೌಂಟ್ ಕೂಪನ್.

ಇನ್ನೊಂದು ವಿಷಯ. ಆ ಪುಡಿಯಿಂದ ಮಾಡಿದ ಮೊಸರನ್ನೇ ಮತ್ತೆ ಮತ್ತೆ ಹೆಪ್ಪಿಗೆ ಬಳಸಿದರೆ, ಬೆಚ್ಚಗಿನ ಹಾಲಿನಲ್ಲಿ ಯಾವುದು ಬೇಗ ಬೆಳೆಯುತ್ತದೋ ಅದೇ ಗೆಲ್ಲುತ್ತದೆ. ಕೊನೆಗೆ ಸಿಗುವುದು ಮಾಮೂಲಿ ಮೊಸರು. ಪ್ರತಿಸಲ ಹೊಸ ಪ್ಯಾಕೆಟ್ ಒಡೆಯೋಣ ಅಂದರೆ ನಮ್ಮ ಮನೆ ಹಾಲಿನ ಬಿಲ್‌ಗಿಂತ ಅದೇ ಜಾಸ್ತಿ.

ಮಾಮೂಲಿ ಮೊಸರೇನು ಕಮ್ಮಿಯಲ್ಲ ಬಿಡಿ. ಹಾಲು ಕುಡಿದರೆ ಹೊಟ್ಟೆ ಉಬ್ಬುವ ನನ್ನ ಗಂಡನಿಗೆ ಮೊಸರು ಆರಾಮಾಗಿ ಜೀರ್ಣವಾಗುತ್ತದೆ. ಹಾಲಿನ ಸಕ್ಕರೆಯಲ್ಲಿ ಒಂದಷ್ಟನ್ನು ಬ್ಯಾಕ್ಟೀರಿಯಾ ಮೊದಲೇ ಮುಗಿಸಿರುತ್ತವೆ, ಉಳಿದದ್ದನ್ನು ಅರಗಿಸಲೂ ನೆರವಾಗುತ್ತವೆ. 2021ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಪ್ರಕಟಿಸಿದ ಅಧ್ಯಯನದಲ್ಲಿ 36 ಜನರಿದ್ದರು. ಅವರಲ್ಲಿ 10 ವಾರ ಮೊಸರಿನಂಥ ಹುದುಗಿದ ಆಹಾರ ಜಾಸ್ತಿ ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು. ಇನ್ನು ಮಾತ್ರೆ, ಪುಡಿಗಳ ಕಥೆ? ಅಮೆರಿಕದ ಕರುಳು ತಜ್ಞರ ಸಂಘ 2020ರಲ್ಲೇ ಹೇಳಿದೆ, ಹೊಟ್ಟೆಯ ಹೆಚ್ಚಿನ ತೊಂದರೆಗಳಿಗೆ ಪ್ರೋಬಯಾಟಿಕ್ ಕೊಡಿ ಅನ್ನಲು ಸಾಕಷ್ಟು ಆಧಾರ ಇಲ್ಲ ಅಂತ.

ಹಾಗಂತ ಮೊಸರು ತಿಂದರೆ ಗ್ಯಾಸ್ ಆಗಲ್ಲ ಅಂದುಕೊಳ್ಳಬೇಡಿ. ಅವರೆಕಾಳಿನ ಸೀಸನ್‌ನಲ್ಲಿ ನಮ್ಮ ಮನೆಯಲ್ಲಿ ಯಾವ ಮೊಸರೂ ಕೆಲಸಕ್ಕೆ ಬರಲಿಲ್ಲ. ಕಾಳಿನ ಕೆಲವು ಸಕ್ಕರೆಗಳು ನಮಗೆ ಅರಗುವುದಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಅದೇ ಹಬ್ಬದೂಟ. ಗ್ಯಾಸ್ ಬರುವುದು ಅಲ್ಲಿಂದಲೇ. ಆದರೆ ಅವುಗಳಿಗೂ ಊಟ ಬೇಕು ಅಲ್ವಾ? ರಾಗಿ, ಸೊಪ್ಪು, ಕಾಳುಗಳ ನಾರು ಅವುಗಳ ಪಾಲು. ಅದನ್ನು ತಿಂದು ಅವು ಬಿಡುವ ಬ್ಯುಟಿರೇಟ್ ಅನ್ನುವ ವಸ್ತು ಕರುಳಿನ ಒಳಪದರಕ್ಕೆ ಆಹಾರ. ಸೊಗಡಿನ ಅವರೆಕಾಯಿ ಸಿಕ್ಕರೆ ನಾನಂತೂ ಬಿಡುವವಳಲ್ಲ.

ಮೆಷಿನ್‌ನ ನಿಜವಾದ ದೋಷ ಒಂದೇ, ತಾನಾಗಿ ಆಫ್ ಆಗುವುದಿಲ್ಲ. ಭಾನುವಾರ ತಡವಾಗಿ ಎದ್ದರೆ ಮೊಸರು ಹುಳಿ ಹುಳಿ, ಸುತ್ತಲೂ ನೀರು. ಆ ದಿನ ಮಧ್ಯಾಹ್ನಕ್ಕೆ ಬೂದುಗುಂಬಳಕಾಯಿ ಮಜ್ಜಿಗೆಹುಳಿ ಖಾಯಂ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ ನಿಜ, ರುಚಿ ಎಲ್ಲಿಗೆ ಹೋಗುತ್ತದೆ?

ಮೆಷಿನ್‌ಗೆ ನಾಲ್ಕು ಸ್ಟಾರ್, ಪುಡಿಗೆ ಒಂದು. ತಗೊಳ್ಳುವುದಾದರೆ ಕಾಂಬೋ ಬಿಟ್ಟು ಬರೀ ಮೆಷಿನ್ ತಗೊಳ್ಳಿ, ಹೆಪ್ಪು ಪಕ್ಕದ ಮನೆಯಲ್ಲಿ ಕೇಳಿ. ಒಳಗಿನ ಸ್ಟೀಲ್ ಡಬ್ಬಿ ಬಿಡಿಯಾಗಿ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ. ಇದ್ದ ಒಂದು ಡಬ್ಬಿ ಫ್ರಿಜ್ಜಿನಲ್ಲಿ ಕೂತರೆ ರಾತ್ರಿ ಹೆಪ್ಪು ಹಾಕುವುದು ಯಾವುದಕ್ಕೆ?