ಲಿಂಪೊಪೊದಲ್ಲಿ ಕೇಪಿನ ಕೋವಿ ಬೇಟೆ: ನಾನು ಹೋಗಿಬಂದ ಫಾರ್ಮ್ ಹೇಗಿದೆ

ಕೇಪಿನ ಕೋವಿ ಹಿಡಿದು ಆಫ್ರಿಕಾದಲ್ಲಿ ಬೇಟೆ ಆಡಬೇಕು ಅನ್ನುವವರಿಗೆ ಈ ಫಾರ್ಮ್ ಧೈರ್ಯವಾಗಿ ಹೇಳಬಹುದಾದ ಜಾಗ. ಕೇಪಿನ ಕೋವಿ ಅಂದರೆ ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಿ, ಹಿಂದೆ ಕಿಡಿ ಹೊತ್ತಿಸುವ ಸಣ್ಣ ಕೇಪು ಇಟ್ಟು ಹಾರಿಸುವ ಹಳೇ ಕಾಲದ ಕೋವಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಇದು ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದಲ್ಲಿ, ಲೆಫಲಾಲೆ ಊರಿನ ಕಡೆ ಇದೆ. ಒಂದೇ ಕುಟುಂಬದವರು ನಡೆಸುತ್ತಾರೆ. ಹೆಸರು ಇಲ್ಲಿ ಹಾಕುತ್ತಿಲ್ಲ, ಬೇಕಾದವರು ಕೇಳಿ, ಕೊಡುತ್ತೇನೆ.

ನಮ್ಮದು ಸಕಲೇಶಪುರದ ಹಾನಬಾಳು ಕಡೆ ಕಾಫಿ ತೋಟ. ಮನೆಯಲ್ಲಿ ಅಜ್ಜನ ಕಾಲದ ಒಂಟಿ ನಳಿಗೆ ಕೇಪಿನ ಕೋವಿ ಇದೆ. ಲೈಸೆನ್ಸ್ ಇರುವುದು ಬೆಳೆ ಕಾಯಲು. ಮಂಗ ಬಂದರೆ ಬರೀ ಮದ್ದು ಜಡಿದು ಸದ್ದು ಮಾಡುತ್ತೇವೆ, ಆಯುಧ ಪೂಜೆಗೆ ಹೂವು ಇಡುತ್ತೇವೆ, ಚುನಾವಣೆ ಬಂದರೆ ಠಾಣೆಗೆ ಒಯ್ದು ಒಪ್ಪಿಸುತ್ತೇವೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಇಲ್ಲಿ ಬೇಟೆ ಇಲ್ಲ. ಇರಲೂಬಾರದು, ಉಳಿದಿರುವ ಕಾಡೇ ಅಷ್ಟು. ಆದರೆ ಮದ್ದು ಅಳೆದು, ಗುಂಡು ಇಳಿಸಿ, ಗಜದ ಕೋಲು ಹಾಕಿ ಜಡಿದು, ಕೇಪು ಕೂರಿಸುವ ಆ ಕೆಲಸ ಇದೆಯಲ್ಲ, ಅದರ ಮೇಲೆ ನನಗೆ ಚಿಕ್ಕಂದಿನಿಂದ ಪ್ರೀತಿ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಎಲ್ಲಿ ನಡೆದರೂ ಹೋಗುತ್ತೇನೆ. ಅದೇ ಕೋವಿಯಲ್ಲಿ, ಕಾನೂನು ಒಪ್ಪುವ ಜಾಗದಲ್ಲಿ, ಒಮ್ಮೆ ನಿಜವಾದ ಬೇಟೆ ಆಡಬೇಕು ಅಂತ ಆಸೆ ಇತ್ತು.

ಎಲ್ಲಿಗೆ ಹೋಗುವುದು ಅನ್ನುವುದೇ ಮೊದಲ ಪ್ರಶ್ನೆ. ಕೀನ್ಯಾದಲ್ಲಿ 1977ರಿಂದಲೇ ಬೇಟೆ ಬಂದ್. ನಮೀಬಿಯಾ ಚೆನ್ನಾಗಿದೆ, ಆದರೆ ಅಲ್ಲಿ ಕುಡು, ಓರಿಕ್ಸ್‌ನಂಥ ದೊಡ್ಡ ಜಿಂಕೆ ಜಾತಿಯ ಪ್ರಾಣಿಗೆ ಗುಂಡಿನ ಶಕ್ತಿ ಕಡಿಮೆ ಅಂದರೂ 2700 ಜೂಲ್ ಇರಬೇಕು ಅಂತ ನಿಯಮ. ಕರಿಮದ್ದಿನ ಕೋವಿಗೆ ಅದು ಸುಲಭ ಅಲ್ಲ. ಕೊನೆಗೆ ದಕ್ಷಿಣ ಆಫ್ರಿಕಾ ಅಂತ ತೀರ್ಮಾನ ಆಯಿತು. ಅಲ್ಲಿ ಹೊರದೇಶದವರು ಒಬ್ಬರೇ ಬೇಟೆಗೆ ಹೋಗುವ ಹಾಗಿಲ್ಲ. ಲೈಸೆನ್ಸ್ ಇರುವ ಔಟ್‌ಫಿಟರ್, ಅಂದರೆ ಬೇಟೆಯ ಏರ್ಪಾಡು ಮಾಡುವವರ ಜೊತೆ ಬರಹದಲ್ಲಿ ಒಪ್ಪಂದ ಆಗಬೇಕು, ನೋಂದಾಯಿತ ಪ್ರೊಫೆಷನಲ್ ಹಂಟರ್, ಅಂದರೆ ವೃತ್ತಿ ಬೇಟೆಗಾರ, ಪಕ್ಕದಲ್ಲೇ ಇರಬೇಕು. ಆತನನ್ನು ಅಲ್ಲಿ ಎಲ್ಲರೂ ಪಿಎಚ್ ಅಂತ ಕರೆಯುತ್ತಾರೆ.

ಹಲವು ಕಡೆ ಬರೆದು ಕೇಳಿದೆ. ನಾನು ನೋಡಿದ್ದು ಒಂದೇ ವಿಷಯ: ಮದ್ದಿನ ಬಗ್ಗೆ ಏನು ಉತ್ತರ ಕೊಡುತ್ತಾರೆ. ರೈಫಲ್ ತೋಟೆಯನ್ನು ಅನುಮತಿ ತೆಗೆದುಕೊಂಡು ವಿಮಾನದಲ್ಲಿ ಒಯ್ಯಬಹುದು. ಕರಿಮದ್ದು, ಕೇಪು ಎರಡನ್ನೂ ಒಯ್ಯುವ ಹಾಗೇ ಇಲ್ಲ, ಅವು ಸ್ಫೋಟಕ. ಒಬ್ಬ ಏಜೆಂಟ್ ಮಾತ್ರ 'ಸ್ವಲ್ಪ ತಾನೇ, ಚೆಕ್-ಇನ್ ಬ್ಯಾಗಲ್ಲಿ ಹಾಕಿ ಸಾರ್, ಯಾರೂ ಕೇಳಲ್ಲ' ಅಂದ. ಅವನ ನಂಬರ್ ಅಲ್ಲೇ ಬ್ಲಾಕ್ ಮಾಡಿದೆ. ವಿಮಾನದಲ್ಲಿ ಇರುವವರ ಜೀವ ಅಷ್ಟು ಅಗ್ಗವಾ? ಇನ್ನು ಕೆಲವರು 'ಕೇಪಿನ ಕೋವಿ ಯಾಕೆ, ಸ್ಕೋಪ್ ಇರೋ ರೈಫಲ್ ಕೊಡ್ತೀವಿ, 200 ಮೀಟರಿಂದ ಹೊಡೀರಿ' ಅಂದರು.

ಈ ಫಾರ್ಮಿನಿಂದ ಬಂದ ಉತ್ತರವೇ ಬೇರೆ. ಮದ್ದು, ಕೇಪು, ಗುಂಡು ಎಲ್ಲ ನಮ್ಮಲ್ಲೇ ಇದೆ, ನೀವು ಏನೂ ತರಬೇಡಿ. ಕೋವಿಯೂ ನಮ್ಮದೇ. ಮೊದಲ ದಿನ ಪೂರ್ತಿ ಗುರಿ ಪರೀಕ್ಷೆ. 50 ಮೀಟರಿನಲ್ಲಿ ಅಂಗೈ ಅಗಲದೊಳಗೆ ಗುಂಡು ಕೂರದಿದ್ದರೆ ಕಾಡಿಗೆ ಕರೆದುಕೊಂಡು ಹೋಗುವುದಿಲ್ಲ. ಹೀಗೆ ಕಡ್ಡಿ ಮುರಿದ ಹಾಗೆ ಬರೆದಿದ್ದರು. ಸಾಕಿದ ಸಿಂಹವನ್ನು ಬೇಲಿಯೊಳಗೆ ಬಿಟ್ಟು ಹೊಡೆಸುವ ದಂಧೆ ಮಾಡುತ್ತೀರಾ ಅಂತ ನೇರವಾಗಿ ಕೇಳಿದೆ. ಇಲ್ಲ, ಮಾಡುವವರ ಜೊತೆ ಸೇರುವುದೂ ಇಲ್ಲ ಅಂದರು. ಆಮೇಲೇ ಮುಂಗಡ ಕಳಿಸಿದ್ದು.

ಸಮಯದ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಅಲ್ಲಿ ಬೇಟೆಗೆ ಒಳ್ಳೆಯ ಕಾಲ ಮೇಯಿಂದ ಸೆಪ್ಟೆಂಬರ್. ಅದು ಅವರ ಚಳಿಗಾಲ, ಎಲೆ ಉದುರಿ ಪೊದೆ ತೆರವಾಗಿರುತ್ತದೆ, ಮಳೆ ಇರುವುದಿಲ್ಲ. ಸಕಲೇಶಪುರದಲ್ಲಿ ಆಗ ಜಡಿಮಳೆ, ತೋಟದಲ್ಲಿ ಕೊಯ್ಲಿನ ಗಡಿಬಿಡಿ ಇಲ್ಲ. ಇಲ್ಲಿ ಮಳೆಗಾಲದಲ್ಲಿ ಮದ್ದು ತೇವ ಹಿಡಿದು ಈಡು ಹಾರದೇ ಹೋಗುವುದು ನಮಗೆಲ್ಲ ಗೊತ್ತಿರುವ ಕಾಟ. ಅಲ್ಲಿ ಒಣ ಗಾಳಿಗೆ ಕೇಪು ಇಟ್ಟರೆ ಸಾಕು, ಟಪ್ಪಂತ ಹಾರುತ್ತದೆ. ವೀಸಾ ಅರ್ಜಿ ಬೆಂಗಳೂರಿನಲ್ಲಿ ಕೊಡಬಹುದು. ಆಫ್ರಿಕಾದ ಬೇರೆ ದೇಶಗಳ ಮೇಲೆ ಹೋಗುವವರು ಹಳದಿ ಜ್ವರದ ಲಸಿಕೆ ನಿಯಮ ನೋಡಿಕೊಳ್ಳಿ, ಹೊರಡುವ 10 ದಿನ ಮುಂಚೆ ಹಾಕಿಸಿರಬೇಕು. ನಾನು ದುಬೈ ಮೇಲೆ ಹೋದೆ. ಜೊಹಾನ್ಸ್‌ಬರ್ಗಿನಿಂದ ಫಾರ್ಮಿಗೆ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ ದಾರಿ.

ಈಗ ಕೋವಿ. ನನ್ನ ಕೈಗೆ ಕೊಟ್ಟಿದ್ದು ಇಟಲಿಯ ಪೆಡರ್ಸೋಲಿ ಕಂಪನಿಯ ಕೋಡಿಯಾಕ್. ಜೋಡಿ ನಳಿಗೆ, .54 ಕ್ಯಾಲಿಬರ್ (ನಳಿಗೆಯ ಬಾಯಿ ಅರ್ಧ ಇಂಚಿಗಿಂತ ತುಸು ಅಗಲ), ಎರಡು ಕೇಪು, ಎರಡು ಟ್ರಿಗರ್. ಒಂಟಿ ನಳಿಗೆಗಿಂತ ತೂಕ ಜಾಸ್ತಿ, ಆದರೆ ಮೊದಲ ಈಡು ಹೋದ ಮೇಲೆ ಕೈಯಲ್ಲಿ ಇನ್ನೊಂದು ಉಳಿದಿರುತ್ತದೆ. ಗಾಯಗೊಂಡ ಪ್ರಾಣಿಯನ್ನು ನರಳಲು ಬಿಡಬಾರದು ಅನ್ನುವವರಿಗೆ ಇದು ದೊಡ್ಡ ವಿಷಯ. ಒಂದು ಈಡಿಗೆ 100 ಗ್ರೇನ್ ಮದ್ದು, ಅಂದರೆ ಆರೂವರೆ ಗ್ರಾಂ. ಅದರ ಮೇಲೆ 27 ಗ್ರಾಂ ಆಸುಪಾಸಿನ ಸೀಸದ ಗುಂಡು.

ಪಿಎಚ್ ಕೆಲಸ ಮಾಡುವ ರೀತಿ ನೋಡಿ ನನಗೆ ತುಂಬಾ ಸಮಾಧಾನ ಆಯಿತು. ಮದ್ದಿನ ಬುರುಡೆಯಿಂದ ನೇರ ನಳಿಗೆಗೆ ಸುರಿಯಲು ಬಿಡುವುದಿಲ್ಲ. ಒಳಗೆ ಕಿಡಿ ಉಳಿದಿದ್ದರೆ ಬುರುಡೆಯೇ ಸಿಡಿಯುತ್ತದೆ, ಅದಕ್ಕೆ ಅಳತೆಯ ಕೊಳವೆಗೆ ಹಾಕಿ ಆಮೇಲೆ ಸುರಿಯಬೇಕು. ಗಜದ ಮೇಲೆ ಒಂದು ಗೀಟು ಎಳೆದಿದ್ದ. ಗುಂಡು ಪೂರ್ತಿ ಇಳಿದು ಮದ್ದಿನ ಮೇಲೆ ಕೂತಾಗ ಆ ಗೀಟು ನಳಿಗೆಯ ಬಾಯಿಗೆ ಸರಿಯಾಗಿ ಬರಬೇಕು. ಒಂದು ಬೆರಳಷ್ಟು ಮೇಲೆ ನಿಂತರೂ ಮತ್ತೆ ಜಡಿಸುತ್ತಿದ್ದ. ನಡುವೆ ಜಾಗ ಉಳಿದರೆ ನಳಿಗೆ ಒಡೆಯಬಹುದು.

ಇನ್ನೊಂದು ಸಂಗತಿ ನಮ್ಮ ಕಡೆ ಜೋಡಿ ನಳಿಗೆ ಇಟ್ಟುಕೊಂಡವರೆಲ್ಲ ತಿಳಿದಿರಬೇಕು. ಬಲ ನಳಿಗೆ ಹಾರಿಸಿದ ತಕ್ಷಣ ಆತ ಎಡ ನಳಿಗೆಯ ಕೇಪು ತೆಗೆಸುತ್ತಿದ್ದ. ಆಮೇಲೆ ಗಜ ಇಳಿಸಿ ಎಡಗಡೆ ಗುಂಡು ಜಾಗದಲ್ಲೇ ಇದೆಯಾ ಅಂತ ನೋಡುತ್ತಿದ್ದ. ಒಂದು ನಳಿಗೆಯ ಒದೆತಕ್ಕೆ ಪಕ್ಕದ ನಳಿಗೆಯ ಗುಂಡು ಮುಂದಕ್ಕೆ ಸರಿಯಬಹುದು. ನೋಡದೆ ಹಾರಿಸಿದರೆ ಕೈ ಹೋಗುತ್ತದೆ. ನಾನು ಹಾರಿಸಿದ ಪ್ರತಿ ಈಡಿಗೂ ಇದನ್ನು ಮಾಡಿದ, ಒಮ್ಮೆಯೂ ಬೇಸರ ಪಡಲಿಲ್ಲ.

ಗುರಿ ಎಲ್ಲಿ ಇಡಬೇಕು ಅನ್ನುವುದನ್ನೂ ಚಿತ್ರ ಬರೆದು ಹೇಳಿಕೊಟ್ಟ. ಅಲ್ಲಿನ ಜಿಂಕೆ ಜಾತಿಯ ಪ್ರಾಣಿಗಳಿಗೆ ಹೃದಯ, ಶ್ವಾಸಕೋಶ ಮುಂದಕ್ಕೆ, ಕೆಳಗೆ ಇರುತ್ತವೆ. ಭುಜದ ಹಿಂದೆ ಹೊಡೆದರೆ ಹೊಟ್ಟೆಗೆ ಬೀಳಬಹುದು. ಅಡ್ಡ ನಿಂತಾಗ ಮುಂಗಾಲಿನ ಗೀಟು ಹಿಡಿದು ಮೇಲೆ ಹೋಗಿ, ಮೈಯ ಮೂರನೇ ಒಂದು ಭಾಗದ ಎತ್ತರದಲ್ಲಿ ಗುರಿ ಇಡಬೇಕು.

ಮೊದಲು ಇಂಪಾಲ ಅನ್ನುವ ಜಿಂಕೆ ಜಾತಿಯ ಒಂದು ಹೋತ ಸಿಕ್ಕಿತು. ಆಮೇಲೆ ಕುಡು. ಸುರುಳಿ ಕೊಂಬಿನ ಗಂಡು ಕುಡು 250 ಕೆಜಿ ತೂಗುವ ಪ್ರಾಣಿ, ಆದರೂ ಮುಳ್ಳುಪೊದೆಯ ಹಿಂದೆ ನಿಂತರೆ ಕಣ್ಣಿಗೆ ಕಾಣುವುದಿಲ್ಲ. ರೈಫಲ್ ಇದ್ದಿದ್ದರೆ ಸುಲಭವಾಗಿ ಹೊಡೆಯಬಹುದಾದ ಗಂಡುಗಳನ್ನು ದೂರ ಜಾಸ್ತಿ ಅಂತ ಬಿಟ್ಟುಬಿಟ್ಟೆವು. ಪಿಎಚ್ ಸಣ್ಣ ಬಟ್ಟೆ ಚೀಲದಲ್ಲಿ ಬೂದಿ ಇಟ್ಟುಕೊಂಡಿದ್ದ. ನಾಲ್ಕು ಹೆಜ್ಜೆಗೊಮ್ಮೆ ಕೊಡವಿ ಗಾಳಿ ಯಾವ ಕಡೆ ಅಂತ ನೋಡುತ್ತಿದ್ದ. ಗಾಳಿ ತಿರುಗಿದರೆ ನಾವೂ ತಿರುಗಿ ಸುತ್ತು ಹಾಕಿ ಬರಬೇಕು. ಒಂದು ಸಂಜೆ, ಒಣ ಹಳ್ಳದ ಆಚೆ ದಡದಲ್ಲಿ ಗಂಡು ಕುಡು ಎಲೆ ಮೇಯುತ್ತಾ ಅಡ್ಡ ನಿಂತಿತು. ದೂರ 60 ಮೀಟರ್ ಒಳಗೆ. ಮೂರು ಕಾಲಿನ ಕೋಲಿನ ಮೇಲೆ ನಳಿಗೆ ಇಟ್ಟು ಹಾರಿಸಿದೆ. ಕರಿಮದ್ದಿನ ಹೊಗೆ ಎದುರಿಗೆ ಗೋಡೆ ಕಟ್ಟಿತು, ನನಗೇನೂ ಕಾಣಲಿಲ್ಲ. ಇದಕ್ಕಂತಲೇ ಹೆಜ್ಜೆ ಹುಡುಕುವ ಟ್ರ್ಯಾಕರನ್ನು ಪಕ್ಕಕ್ಕೆ ಹತ್ತು ಮಾರು ದೂರ ನಿಲ್ಲಿಸಿದ್ದರು. ಕುಡು ಬೆನ್ನು ಬಾಗಿಸಿ ನೆಗೆದದ್ದು, ಓಡಿದ ದಿಕ್ಕು ಎರಡನ್ನೂ ಆತ ನೋಡಿದ್ದ. ಸೀದಾ ಅಲ್ಲಿಗೇ ಕರೆದುಕೊಂಡು ಹೋದ. ಪೊದೆಯಾಚೆ ಬಿದ್ದು ಪ್ರಾಣ ಬಿಟ್ಟಿತ್ತು. ಪಕ್ಕದಲ್ಲಿ ಮಂಡಿಯೂರಿ ಕೂತೆ. ಸಂತೋಷ, ಸಂಕಟ ಎರಡೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಮಾಂಸ ಒಂದು ಚೂರೂ ಹಾಳಾಗಲಿಲ್ಲ. ಕೆಲಸದವರ ಮನೆಗಳಿಗೆ ಹೋಯಿತು, ಒಣಗಿಸಿ ಬಿಲ್ಟಾಂಗ್ ಮಾಡಿದರು, ರಾತ್ರಿ ನಮ್ಮ ತಟ್ಟೆಗೂ ಬಂತು. ಜೊತೆಗೆ ಮೆಕ್ಕೆಜೋಳದ ಹಿಟ್ಟಿನ ಪಾಪ್, ನಮ್ಮ ಮುದ್ದೆಯ ಹಾಗೆ ಕೈಯಲ್ಲೇ ಮುರಿದು ತಿನ್ನುವುದು. ಊಟ ಚೆನ್ನಾಗಿತ್ತು. ಕಾಫಿ ಮಾತ್ರ ಕುಡಿಯುವ ಹಾಗಿರಲಿಲ್ಲ. ತೋಟದ ಪುಡಿ ಒಯ್ದಿದ್ದೆ, ಅವರಿಗೂ ಮಾಡಿಕೊಟ್ಟೆ.

ಸಂಜೆ ಕೋವಿ ತೊಳೆಯುವುದನ್ನೂ ಅವರು ನಾಳೆಗೆ ಬಿಡುತ್ತಿರಲಿಲ್ಲ. ಬಿಸಿನೀರು, ಸೋಪು, ಆಮೇಲೆ ಎಣ್ಣೆ. ಕರಿಮದ್ದಿನ ಮಸಿ ತೇವ ಎಳೆಯುತ್ತದೆ, ಒಂದು ರಾತ್ರಿ ಬಿಟ್ಟರೆ ತುಕ್ಕು. ಬಾಡಿಗೆ ಕೋವಿಯ ನಳಿಗೆ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಕನ್ನಡಿ ಹೊಳೆದಂತೆ ಹೊಳೆಯುತ್ತಿತ್ತು.

ಕಳೆದ ಒಂದು ಸ್ಟಾರ್ ದುಡ್ಡಿನ ವಿಷಯಕ್ಕೆ. ದಿನದ ಬಾಡಿಗೆ ಬೇರೆ, ಹೊಡೆದ ಪ್ರಾಣಿಯ ದರ ಬೇರೆ ಅಂತ ಪಟ್ಟಿ ಇತ್ತು. ಗಾಯಗೊಂಡು ತಪ್ಪಿಸಿಕೊಂಡರೂ ಪೂರ್ತಿ ದರ ಕೊಡಬೇಕು ಅಂತಲೂ ಇತ್ತು. ಅದು ಎಲ್ಲ ಕಡೆ ಇರುವ ನಿಯಮ, ನ್ಯಾಯವೇ. ಆದರೆ ದಿನದ ಬಾಡಿಗೆ ಮೇಲೆ 15% ವ್ಯಾಟ್ ಬೀಳುತ್ತದೆ ಅನ್ನುವುದು ಕೊನೆಯ ಬಿಲ್ಲಿನಲ್ಲೇ ಗೊತ್ತಾದದ್ದು. ಮೊದಲೇ ಹೇಳಿದ್ದರೆ ಲೆಕ್ಕ ಹಾಕಿಕೊಂಡೇ ಬರುತ್ತಿದ್ದೆ. ಕೊಂಬು, ಚರ್ಮ ಊರಿಗೆ ತರುವ ಆಸೆ ಇಟ್ಟುಕೊಳ್ಳಬೇಡಿ. ನಾನು ಫೋಟೋ ಮಾತ್ರ ತಂದೆ.

ಊರಿನಲ್ಲಿ ಕೆಲವರು 'ಆನೆ ಹೊಡೀಲಿಲ್ವಾ' ಅಂತ ಕೇಳಿದರು. ಆಲೂರು, ಸಕಲೇಶಪುರ, ಬೇಲೂರಿನಲ್ಲಿ ಆನೆಯಿಂದ ನಾವು ಎಷ್ಟು ನೋವು ತಿಂದಿದ್ದೇವೆ ಅಂತ ನನಗೂ ಗೊತ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆನೆಗೆ ಕೋವಿ ಎತ್ತುವ ಮನಸ್ಸು ನನಗಿಲ್ಲ.

ಆಫ್ರಿಕಾದ ಕಾಡೆಮ್ಮೆ ಬೇರೆ ಮಾತು. ಅದಕ್ಕೆ ಕೇಪ್ ಬಫಲೊ ಅನ್ನುತ್ತಾರೆ. ಮುಂದಿನ ಸಲ ಅದರ ಬೇಟೆಗೆ ಬರಬಹುದಾ ಅಂತ ಫಾರ್ಮಿನಿಂದ ಹೊರಡುವ ಮುಂಚೆ ಕೇಳಿದೆ. ಮಾಲೀಕರು ಸುಮ್ನೆ ಹೂಂ ಅನ್ನಲಿಲ್ಲ. .54 ಸಾಲದು ಅಂದರು. 1871ರಲ್ಲಿ ಇಂಗ್ಲೆಂಡಿನ ಹೆಸರಾಂತ ಬೇಟೆಗಾರ ಫ್ರೆಡರಿಕ್ ಸೆಲೂಸ್ 19 ವರ್ಷದವನಿದ್ದಾಗ ಆ ದೇಶಕ್ಕೆ ಬಂದಿಳಿದು ಮೊದಮೊದಲು ಬೇಟೆ ಆಡಿದ್ದು ಬಾಯಿಂದ ಮದ್ದು ತುಂಬುವ 4 ಬೋರ್ ಕೋವಿಯಲ್ಲಿ. ನಮ್ಮ 12 ಬೋರಿನ ಲೆಕ್ಕದಲ್ಲಿ ಒಂದು ಪೌಂಡ್ ಸೀಸಕ್ಕೆ 12 ಗುಂಡು, ಅವನದಕ್ಕೆ ನಾಲ್ಕೇ. ಒಂದೊಂದೂ 113 ಗ್ರಾಂ. ದಪ್ಪ ಚರ್ಮ, ದಪ್ಪ ಮೂಳೆಗೆ ಅಂಥ ತೂಕ ಬೇಕು. ಅವರು ಹೇಳಿದ ಷರತ್ತು ಇಷ್ಟು: .72ರ ಜೋಡಿ ನಳಿಗೆ, ತವರ ಬೆರೆಸಿ ಗಟ್ಟಿ ಮಾಡಿದ ಸೀಸದ ಗುಂಡು, 40 ಮೀಟರಿಗಿಂತ ಹತ್ತಿರ, ಪಕ್ಕದಲ್ಲಿ ದೊಡ್ಡ ರೈಫಲ್ ಹಿಡಿದ ಪಿಎಚ್. ಆತ ಬೇಡ ಅಂದರೆ ಬೇಡ, ಮರುಮಾತಿಲ್ಲ. ನಾನು ಎಲ್ಲಕ್ಕೂ ಒಪ್ಪಿ ದರಪಟ್ಟಿ ಕೇಳಿದ್ದೇನೆ, ಈ ಸಲ ತೆರಿಗೆ ಸೇರಿಸಿಯೇ ಕಳಿಸಿ ಅಂತ ಬರೆದು.