ಇಟಲಿಯ ನಕಲು ಕೋಲ್ಟು, ನಮ್ಮನೆಯ ಕೇಪಿನ ಕೋವಿ

ಶಿರಸಿ ಕಡೆಯ ತೋಟದ ಮನೆಯವರಿಗೆ ಕೇಪಿನ ಕೋವಿ ಹೊಸದಲ್ಲ. ನಮ್ಮನೆಯಲ್ಲೂ ಒಂದಿದೆ, ಬೆಳೆ ರಕ್ಷಣೆ ಲೈಸೆನ್ಸಿನದು. ಎಲೆಕ್ಷನ್ ಬಂದಾಗಲೆಲ್ಲ ಸ್ಟೇಷನ್ನಿಗೆ ಹೋಗಿ ಕೂತು ಬರುತ್ತದೆ. ನಳಿಗೆಗೆ ಮದ್ದು ಸುರಿದು, ಕತ್ತ ಅಂದರೆ ತೆಂಗಿನ ನಾರು ತುರುಕಿ, ಗಜದ ಕೋಲಲ್ಲಿ ಜಡಿದು, ಚರೆ ಅಂದರೆ ಸೀಸದ ಸಣ್ಣ ಗುಂಡು ಹಾಕಿ, ಬಡಿದರೆ ಕಿಡಿ ಹಾರಿಸುವ ಪುಟ್ಟ ಟೋಪಿಯಂಥ ಕೇಪು ಕೂರಿಸಿದರೆ ಒಂದು ಈಡು. ಕಳೆದ ವರ್ಷ ಟೆಕ್ಸಾಸಿನ ಭಾವನ ಮನೆಗೆ ಹೋಗಿದ್ದೆ. ಅವನು ಕಪಾಟಿನಿಂದ ಎರಡು ಹಳೇ ನಮೂನೆ ರಿವಾಲ್ವರ್ ತೆಗೆದು ಟೇಬಲ್ ಮೇಲಿಟ್ಟ. ಅರೆ, ಇದು ನಮ್ಮ ಕೋವಿಯದೇ ಜಾತಿ, ಆರು ಈಡು ಒಟ್ಟಿಗೆ, ಅಷ್ಟೇ ಅಲ್ವಾ ಅನಿಸಿತು.

ಎರಡೂ ಇಟಲಿಯಲ್ಲಿ ಮಾಡಿದ ನಕಲು. ಇದು ಶುರುವಾಗಿದ್ದು 1950ರ ದಶಕದ ಕೊನೆಗೆ. ಅಮೆರಿಕದ ಅಂತರ್ಯುದ್ಧಕ್ಕೆ 1961ರಲ್ಲಿ ನೂರು ವರ್ಷ ತುಂಬುವುದಿತ್ತು. ವ್ಯಾಲ್ ಫೋರ್ಜೆಟ್ ಎಂಬ ವ್ಯಾಪಾರಿ ಬ್ರೆಶಿಯಾ ಹತ್ತಿರದ ಗಾರ್ಡೋನೆ ಕಡೆಯ ಕುಶಲಕರ್ಮಿಗಳಿಂದ ಅಮೆರಿಕದ ಕೋಲ್ಟ್ ಕಂಪನಿಯ 1851ರ ನೇವಿ ಎಂಬ ರಿವಾಲ್ವರಿನ ನಕಲು ಮಾಡಿಸಿದ. ಬೆರೆಟ್ಟಾ ಎಂಬ ಬಂದೂಕು ಕಂಪನಿಯವರು 1526ರಿಂದ ನಳಿಗೆ ಮಾಡುತ್ತಿರುವ ಊರು ಅದು. ಈಗಲೂ ಅಲ್ಲಿನ ಸರಕಿನ ಮೇಲೆ ಚೌಕದೊಳಗೆ ಎರಡು ಅಕ್ಷರ ಇರುತ್ತದೆ, ಅದರಿಂದ ಯಾವ ವರ್ಷದ್ದು ಅಂತ ತಿಳಿಯುತ್ತದೆ.

ಮೊದಲು ಹಿತ್ತಾಳೆಯದು. ಕಂಪನಿ ಹೆಸರು ಬೇಡ. ನೋಡಲಿಕ್ಕೆ ದೇವರ ಮನೆ ದೀಪದ ಹಾಗೆ ಫಳಫಳ. ಆರು ಈಡು ತುಂಬುವ, ತಿರುಗುವ ಸಿಲಿಂಡರಿನ ಸುತ್ತ ಟೆಕ್ಸಾಸ್ ನೌಕಾಪಡೆಯ 1843ರ ಸಮುದ್ರ ಕಾಳಗದ ಚಿತ್ರ ಇದೆ, ನೇವಿ ಅನ್ನುವ ಹೆಸರು ಅಂಟಿಕೊಂಡಿದ್ದು ಅದರಿಂದಲೇ. ಆದರೆ ಇದು 44 ಕ್ಯಾಲಿಬರ್, ಅಂದರೆ ನಳಿಗೆಯ ತೂತು ಇಂಚಿನ ನೂರರಲ್ಲಿ ಸುಮಾರು 44 ಪಾಲು. ಅಸಲು ನೇವಿ 36. ಕೋಲ್ಟ್‌ನವರು ಅದಕ್ಕೆ ಹಿತ್ತಾಳೆ ಬಾಡಿ ಹಾಕಿದವರೂ ಅಲ್ಲ. ಅಂತರ್ಯುದ್ಧದಲ್ಲಿ ಕಬ್ಬಿಣ ಸಾಲದೆ ದಕ್ಷಿಣದ ರಾಜ್ಯಗಳವರು ಜಾರ್ಜಿಯಾದ ಗ್ರಿಸ್ವೋಲ್ಡ್ ಕಾರ್ಖಾನೆಯಲ್ಲಿ ಹಿತ್ತಾಳೆಯಲ್ಲಿ ಮಾಡಿದ್ದರು, ಅದೂ 36. ಅಂದರೆ ಭಾವ ಕೊಂಡಿದ್ದು ಯಾವ ಕಾಲದಲ್ಲೂ ಇರದಿದ್ದ ವಸ್ತುವಿನ ನಕಲು! ಎರಡು ವರ್ಷ ಮದ್ದು ಜಾಸ್ತಿ ಹಾಕಿ ಹೊಡೆದಿದ್ದಾನೆ, ಮೆತ್ತನೆ ಹಿತ್ತಾಳೆ ಜಗ್ಗಿದೆ. ಈ ಮಾದರಿಯಲ್ಲಿ ನಳಿಗೆಯನ್ನು ಹಿಡಿದಿಡುವುದು ಒಂದು ಬೆಣೆ. ಅದು ಈಗ ಬೆರಳಲ್ಲಿ ಒತ್ತಿದರೂ ಹೊರಗೆ ಬರುತ್ತದೆ. ಬಿಚ್ಚಿ ನೋಡಿದರೆ ಒಳಗೆಲ್ಲ ಅರದ ಗೀರು, ಸ್ಪ್ರಿಂಗೂ ವಿಪರೀತ ಗಟ್ಟಿ.

ಒಂದು ವಿಷಯಕ್ಕೆ ಮಾತ್ರ ಇಟಲಿಯವರನ್ನು ಬೈಯಬೇಡಿ. ಹೊಡೆದ ಕೇಪು ಚೂರಾಗಿ ಕುದುರೆಯ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆಯ, ಸಂದಿಗೆ ಬಿದ್ದು ಸಿಲಿಂಡರ್ ತಿರುಗದೆ ನಿಲ್ಲುತ್ತದೆ. ಈ ಗೋಳು ಅಸಲಿಯಲ್ಲೂ ಇತ್ತು. ಅದಕ್ಕೇ ಭಾವ ಪ್ರತಿ ಸಲ "ಮೂತಿ ಮೇಲೆ ಮಾಡಿ ಕುದುರೆ ಎಳಿ ಭಾವಾ" ಅಂತ ಕೂಗುತ್ತಿದ್ದ. ಹಾಗೆ ಮಾಡಿದರೆ ಚೂರು ಹಿಂದಕ್ಕೆ ಉದುರುತ್ತದೆ. ಹಳೆಯದರ ತೊಂದರೆ ಯಾವುದು, ಈಗಿನವರು ಖರ್ಚು ಉಳಿಸಿದ್ದರಿಂದ ಬಂದ ತೊಂದರೆ ಯಾವುದು ಅಂತ ಬೇರೆ ಮಾಡಿ ನೋಡದೆ ನಕಲಿಗೆ ಮಾರ್ಕ್ಸ್ ಕೊಡಲಿಕ್ಕಾಗದು.

ಎರಡನೆಯದು ರೆಮಿಂಗ್ಟನ್ ಎಂಬ ಇನ್ನೊಂದು ಅಮೆರಿಕನ್ ಕಂಪನಿಯ ರಿವಾಲ್ವರಿನ ನಕಲು, ಉಕ್ಕಿನದು. 1858 ಅನ್ನುತ್ತಾರೆ, ಅದು ಪೇಟೆಂಟಿನ ವರ್ಷ, ಹೆಚ್ಚಿನವು ತಯಾರಾಗಿದ್ದು 1863ರ ನಂತರ. ಇದಕ್ಕೆ ಸಿಲಿಂಡರ್ ಮೇಲೂ ಉಕ್ಕಿನ ಪಟ್ಟಿ ಇದೆ, ಬೆಣೆಯ ರಗಳೆ ಇಲ್ಲ. ಗುಂಡು ಸಿಲಿಂಡರಿನ ಕೋಣೆಗಿಂತ ಕೂದಲಷ್ಟು ದಪ್ಪ ಇರುತ್ತದೆ, ಸನ್ನೆಕೋಲಿನಿಂದ ಅದನ್ನು ಒಳಗೆ ಒತ್ತಿದಾಗ ಸೀಸದ ತೆಳು ಉಂಗುರ ಸುಲಿದು ಬರಬೇಕು. ಇದರಲ್ಲಿ ಆರಕ್ಕೆ ಆರೂ ಚೊಕ್ಕವಾಗಿ ಬಂತು. ಉಂಗುರ ಬರದಿದ್ದರೆ ಗುಂಡು ಸಡಿಲ ಅಂತ ಅರ್ಥ, ಒಂದರ ಬೆಂಕಿ ಪಕ್ಕದ ಕೋಣೆಗೆ ಹಾರಬಹುದು, ಬೆರಳು ಗಟ್ಟಿ ಇದ್ದವರೂ ಅದನ್ನು ಪರೀಕ್ಷೆ ಮಾಡಬೇಡಿ. ಕೊರತೆ ಒಂದೇ, ಮಸಿ ಹಿಡಿದು ಸಿಲಿಂಡರ್ ತಿರುಗುವ ನಡುವಿನ ಕಡ್ಡಿ ಕೋಲ್ಟಿಗಿಂತ ಬೇಗ ಬಿಗಿಯುತ್ತದೆ. ಇದೂ ಅಸಲಿಯದೇ ಗುಣ.

ತೊಳೆಯುವ ಕೆಲಸದಲ್ಲಿ ನಾನೇ ಗುರು. ಪೆಟ್ಲುಪ್ಪು, ಇದ್ದಿಲು, ಗಂಧಕದ ಮದ್ದು ಉರಿದು ಬಿಟ್ಟ ಮಸಿ ಗಾಳಿಯ ಪಸೆ ಎಳೆಯುತ್ತದೆ, ಬಿಟ್ಟರೆ ತುಕ್ಕು. ಅಪ್ಪಯ್ಯ ಬಚ್ಚಲ ಹಂಡೆಯ ಕುದಿನೀರನ್ನೇ ನಳಿಗೆಗೆ ಹೊಯ್ಯುವುದು. ಟೆಕ್ಸಾಸಿನ ಒಣ ಹವೆಯಲ್ಲಿ ಭಾವ ಇದನ್ನು ಮರುದಿನಕ್ಕೆ ಮುಂದೂಡುತ್ತಾನೆ. ನಮ್ಮ ಆಷಾಢದ ಮಳೆಯಲ್ಲಾದರೆ ಒಂದು ರಾತ್ರಿ ಸಾಕು.

ಉಕ್ಕಿನದಕ್ಕೆ ಐದರಲ್ಲಿ ನಾಲ್ಕು. ಹಿತ್ತಾಳೆಗೆ ಎರಡು, ಅದೂ ಗೋಡೆಗೆ ನೇತು ಹಾಕುವುದಾದರೆ. ಅಲ್ಲಿ ಇದು ಅಂಚೆ ಪಾರ್ಸೆಲ್ಲಿನಲ್ಲಿ ಮನೆಗೇ ಬಂತಂತೆ. ಇಲ್ಲಿ ಲೈಸೆನ್ಸ್ ಇಲ್ಲದೆ ಮುಟ್ಟುವ ಹಾಗಿಲ್ಲ, ಸುಮ್ನೆ ಆಸೆ ಪಡಬೇಡಿ.

ಅಲ್ಲಿ ಹೊಡೆದ ವಿಡಿಯೋ ನೋಡಿ ಅಪ್ಪಯ್ಯ ಕೇಳಿದ್ದು ಒಂದೇ, ಆರೂ ತುಂಬಲಿಕ್ಕೆ ಎಷ್ಟೊತ್ತು ಅಂತ. ಹತ್ತು ನಿಮಿಷ ಅಂದೆ. "ಅಷ್ಟೊತ್ತಿಗೆ ಮಂಗ ಬಾಳೆಗೊನೆ ಮುಗಿಸಿ ಏಲಕ್ಕಿಗೆ ಬಂದಿರ್ತದೆ" ಅಂದು ಕವಳ ಹಾಕಲಿಕ್ಕೆ ಎದ್ದು ಹೋದರು.