ಕುಮಟಾ–ಗೋಕರ್ಣ ಕಾಲ್ನಡಿಗೆ ಪ್ಯಾಕೇಜ್: ಊರಿಗೆ ಪೂರ್ತಿ ಅಂಕ, ಆಯೋಜಕರಿಗೆ ಅರ್ಧ

ಕುಮಟಾದಿಂದ ಗೋಕರ್ಣದವರೆಗೆ ಕಡಲ ಅಂಚಿನಲ್ಲೇ ನಡೆಸಿಕೊಂಡು ಹೋಗುವ ವಾರಾಂತ್ಯದ ಪ್ಯಾಕೇಜ್‌ಗಳಿಗೆ ಬೆಂಗಳೂರಿನಲ್ಲಿ ಈಗ ಬರವಿಲ್ಲ. ಅದರಲ್ಲಿ ‘ಚಿಕ್ಕ ಗುಂಪು, ಊರಿನದೇ ಗೈಡ್, ಹಳ್ಳಿ ಮನೆ ಊಟ’ ಅಂತ ಹೇಳಿಕೊಂಡು ಉಳಿದವರಿಗಿಂತ ಜಾಸ್ತಿ ದುಡ್ಡು ಕೇಳುವ ಒಂದನ್ನು ಹಿಡಿದು ನಾನೂ ಅಕ್ಕನೂ ಡಿಸೆಂಬರ್‌ನಲ್ಲಿ ಹೋಗಿ ಬಂದೆವು. ಸಂಸ್ಥೆಯ ಹೆಸರು ಹಾಕುವುದಿಲ್ಲ, ಕೇಳಬೇಡಿ. ಯಾರ ಜೊತೆ ಹೋದರೂ ದುಡ್ಡು ಕಟ್ಟುವ ಮೊದಲು ಏನು ವಿಚಾರಿಸಬೇಕು ಅನ್ನುವುದು ಗೊತ್ತಾದರೆ ಸಾಕು.

ತೀರ್ಪು ಮೊದಲೇ ಹೇಳುತ್ತೇನೆ. ಈ ನಡಿಗೆಯ ಅಸಲಿ ಭಾಗ ಕುಮಟಾ ಕಡೆಯದು, ಅಘನಾಶಿನಿ ಹೊಳೆ ದಾಟುವ ತನಕದ್ದು. ಹೊಳೆ ದಾಟಿದ ಮೇಲೆ ಸಿಗುವ ಹೆಚ್ಚಿನ ಬೀಚ್‌ಗಳನ್ನು ಗೋಕರ್ಣಕ್ಕೆ ಬಸ್ಸಿನಲ್ಲಿ ಬಂದವರೂ ನೋಡುತ್ತಾರೆ. ಆದರೆ ಜಾಹೀರಾತಿನ ಫೋಟೊಗಳೆಲ್ಲ ಓಂ ಬೀಚಿನವು. ವೇಳಾಪಟ್ಟಿಯೂ ಅಷ್ಟೇ, ಹಳ್ಳಿಗಳನ್ನು ಬೇಗ ಬೇಗ ಮುಗಿಸಿ ಅಲ್ಲಿಗೆ ತಲುಪಿಸುವ ಹಾಗೆ ಮಾಡಿದ್ದು. ದುಡ್ಡು ಕೊಟ್ಟಿದ್ದು ಒಂದಕ್ಕೆ, ಅವಸರ ಇನ್ನೊಂದಕ್ಕೆ.

ದಾರಿ ಒಟ್ಟು ಇಪ್ಪತ್ತರಿಂದ ಇಪ್ಪತ್ತೈದು ಕಿಲೋಮೀಟರ್, ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದರ ಮೇಲೆ. ಕೇಳುವುದಕ್ಕೆ ದೊಡ್ಡದೇನಲ್ಲ. ಗುಡ್ಡ ಹತ್ತಿ ಇಳಿದರೆ ಒಂದು ಕಡಲತೀರ, ಮತ್ತೊಂದು ಗುಡ್ಡ, ಮತ್ತೊಂದು ತೀರ, ಹೀಗೇ. ವನ್ನಳ್ಳಿ, ಕಡ್ಲೆ, ಆಮೇಲೆ ಬಾಡದ ಕಡೆಯ ಉದ್ದನೆಯ ಮರಳು. ಗುಡ್ಡದ ಮೇಲೆ ಚಿರೆಕಲ್ಲಿನ ಹಾಸು ಮತ್ತು ಒಣಹುಲ್ಲು, ಕೆಳಗೆ ತೆಂಗಿನ ತೋಟ, ಗಾಳಿಮರ, ಬಲೆ ಒಣಗಿಸಿದ ಅಂಗಳಗಳು. ವನ್ನಳ್ಳಿ, ಅಳ್ವೇಕೋಡಿ, ಹಂದಿಗೋಣದ ಮರಳು ಮಣ್ಣಿನ ಗದ್ದೆಗಳಲ್ಲಿ ಭತ್ತ ಕೊಯ್ದ ಮೇಲೆ ಸಿಹಿ ಈರುಳ್ಳಿ ಹಾಕುತ್ತಾರೆ. ಬೇಸಿಗೆಯಲ್ಲಿ ಹೆದ್ದಾರಿ 66ರ ಪಕ್ಕ ಗೊಂಚಲು ಕಟ್ಟಿ ತೂಗು ಹಾಕಿ ಮಾರುತ್ತಾರಲ್ಲ, ಅದೇ. ನಾವು ಹೋದಾಗ ಇನ್ನೂ ಸಸಿ.

ಗೈಡ್ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕು. ಕಾಗಾಲ ಕಡೆಯ ಹುಡುಗ. ಎಲ್ಲದಕ್ಕೂ ಬಾಯಿಪಾಠ ಒಪ್ಪಿಸುವ ಗೈಡ್ ಅಲ್ಲ. ಕೇಳಿದರೆ ಹೇಳುತ್ತಾನೆ, ಕೇಳದಿದ್ದರೆ ಸುಮ್ಮನೆ ನಡೆಯುತ್ತಾನೆ, ಅದೇ ನನಗೆ ಇಷ್ಟವಾಗಿದ್ದು. ಅಕ್ಕನಿಗೆ ಐವತ್ತೆಂಟು, ಮಂಡಿ ಅಷ್ಟಕ್ಕಷ್ಟೇ. ಅವನು ಇಡೀ ದಾರಿ ಅವಳಿಗಿಂತ ಎರಡು ಹೆಜ್ಜೆ ಮುಂದೆ ಮಾತ್ರ ಇದ್ದ. ಸಾಫ್ಟ್‌ವೇರ್ ಹುಡುಗರು ಮುಂದೆ ಓಡಿದರೆ ಓಡಲಿ ಅಂತ ಬಿಟ್ಟ, ಕವಲು ದಾರಿ ಬಂದಲ್ಲಿ ಮಾತ್ರ ಕೂಗಿ ನಿಲ್ಲಿಸಿದ.

ಅವನೇ ಮೊದಲು ಗೊಣಗಿದ್ದು, ಭರತ–ಇಳಿತದ ವಿಷಯಕ್ಕೆ. ಕಡಲ ದಡದಲ್ಲಿ ನಡೆಯುವವರಿಗೆ ಇದೇ ಎಲ್ಲ. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದು ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಚಪ್ಪಲಿ ಕೈಯಲ್ಲಿ ಹಿಡಿದು ಆರಾಮಾಗಿ ನಡೆಯಬಹುದು. ಭರತದ ಹೊತ್ತಿನಲ್ಲಿ ಉಳಿಯುವುದು ಮೇಲಿನ ಒಣ ಸಡಿಲ ಮರಳು ಮಾತ್ರ. ಪ್ರತಿ ಹೆಜ್ಜೆಗೂ ಕಾಲು ಹೂತು ಹೋಗುತ್ತದೆ, ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ, ಅದೂ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಇದ್ದರೆ ಏರಿಕೆ ಇನ್ನೂ ಜೋರು. ಅಂದಮೇಲೆ ಎಲ್ಲ ಶನಿವಾರಕ್ಕೂ ‘ಬೆಳಿಗ್ಗೆ 9ಕ್ಕೆ ನಡಿಗೆ ಆರಂಭ’ ಅಂತ ಒಂದೇ ವೇಳಾಪಟ್ಟಿ ಅಚ್ಚು ಹಾಕಿಟ್ಟರೆ ಅದು ಸರಿಯಾಗುವುದು ಹೇಗೆ? ನಮ್ಮ ವಿಷಯದಲ್ಲಿ ಆಗಲಿಲ್ಲ. ರಾತ್ರಿ ಬಸ್ಸು ತಡವಾಗಿ ಬಂತು, ಸ್ನಾನ–ತಿಂಡಿ ಮುಗಿಸಿ ಹೊರಡುವಷ್ಟರಲ್ಲಿ ಬಿಸಿಲೂ ಏರಿತ್ತು, ನೀರೂ ಏರುತ್ತಿತ್ತು. ಬಾಡದ ಉದ್ದನೆಯ ತೀರ, ಟ್ರೆಕ್ಕಿಂಗ್ ಗುಂಪುಗಳು ನಿರ್ವಾಣ ಬೀಚ್ ಅಂತ ಕರೆಯುವ ಜಾಗ, ಇಡೀ ದಾರಿಯಲ್ಲೇ ಚೆಂದದ್ದು. ಅದನ್ನು ತಲೆ ತಗ್ಗಿಸಿ, ಕಾಲು ಕಿತ್ತಿಡುತ್ತಾ ದಾಟಿದೆವು. ‘ಇವತ್ತು ಮಧ್ಯಾಹ್ನದ ಮೇಲೆ ಹೊರಟಿದ್ರೆ ಚಲೋ ಇತ್ತು, ಆಫೀಸಿನವ್ರಿಗೆ ಹೇಳಿದ್ದೆ’ ಅಂದ ಗೈಡ್. ಆಫೀಸಿನವರು ಅಂದರೆ ಬೆಂಗಳೂರಿನಲ್ಲಿ ಕೂತವರು.

ಹಾಗಿದ್ದರೂ ಅವತ್ತೇ ಒಂದು ಒಳ್ಳೆಯ ಗಳಿಗೆಯೂ ಸಿಕ್ಕಿತು. ಒಂದು ಕಡೆ ದಡದಿಂದ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಅರ್ಧ ಸುತ್ತು ಬಲೆ ಬಿಟ್ಟು ಬರುತ್ತಾರೆ, ಆಮೇಲೆ ಎರಡೂ ತುದಿ ಹಿಡಿದು ಎರಡು ಗುಂಪು ದಡಕ್ಕೆ ಎಳೆಯುತ್ತದೆ. ಕರಾವಳಿಯಲ್ಲಿ ರಂಪಣಿ ಅನ್ನುವ ಭಾರಿ ಬಲೆಯ ಕೆಲಸವೂ ಇದೇ ರೀತಿ, ಅದಕ್ಕೆ ಹತ್ತಾರು ಜನ ಬೇಕು. ಇದು ಚಿಕ್ಕದು. ವಯಸ್ಸಾದ ಒಬ್ಬರು ನಮ್ಮನ್ನು ನೋಡಿ ‘ನಿತ್ಕಂಡು ಫೋಟ ಹೊಡೀಬೇಡ್ರೋ, ಬಂದು ಹಗ್ಗ ಹಿಡೀರಿ’ ಅಂದರು. ಹಿಡಿದೆವು. ಅಂಗೈ ಉರಿ ಎದ್ದಿತು. ಬಂದಿದ್ದು ಒಂದು ಬುಟ್ಟಿ ಪುಡಿ ಮೀನು, ಒಂದಿಷ್ಟು ಏಡಿ, ಬೇಡದ ಲೋಳೆ ಮೀನು ಬೇಕಾದಷ್ಟು. ಅವರ ಇಡೀ ಬೆಳಗಿನ ದುಡಿಮೆ ಅಷ್ಟೇ ಅಂತ ಗೊತ್ತಾದಾಗ ಹುಡುಗರೂ ಫೋನ್ ಜೇಬಿಗೆ ಹಾಕಿಕೊಂಡರು. ಹನ್ನೆರಡು ಜನ ಇದ್ದೆವು, ಅದಕ್ಕೇ ಇದು ಆಯಿತು. ನಲವತ್ತು ಜನ ಆಗಿದ್ದರೆ ಅವರು ಕರೆಯುತ್ತಲೇ ಇರಲಿಲ್ಲ. ಚಿಕ್ಕ ಗುಂಪಿಗೆ ದುಡ್ಡು ಜಾಸ್ತಿ ಕೊಡುವುದು ಇದಕ್ಕೇ ಹೊರತು ಟೆಂಪೊದಲ್ಲಿ ಕಿಟಕಿ ಸೀಟು ಸಿಗಲಿ ಅಂತಲ್ಲ.

ಮಧ್ಯಾಹ್ನದ ಮೇಲೆ ಗೈಡ್ ಕಡಲು ಬಿಟ್ಟು ಹೊಳೆ ಬದಿಗೆ ಕರೆದುಕೊಂಡು ಹೋದ. ಇದು ವೇಳಾಪಟ್ಟಿಯಲ್ಲಿ ಇರಲೇ ಇಲ್ಲ, ನಾವು ಕೇಳಿದ್ದಕ್ಕೆ ತೋರಿಸಿದ್ದು. ನನ್ನ ಮಟ್ಟಿಗೆ ಇಡೀ ಪ್ರವಾಸದ ದುಡ್ಡು ಇಲ್ಲೇ ವಸೂಲಾಯಿತು. ಶಿರಸಿ ಕಡೆ ಹುಟ್ಟುವ ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಉಂಚಳ್ಳಿಯಲ್ಲಿ ಜಲಪಾತವಾಗಿ ಬಿದ್ದು, ಘಟ್ಟ ಇಳಿದು, ಇಲ್ಲಿ ಕಡಲು ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುತ್ತದೆ. ಉಪ್ಪುನೀರು, ಸಿಹಿನೀರು ಎರಡೂ ಬೆರೆಯುವ ಈ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿಸಿದರು. ಒಂದು ಕಾಲದಲ್ಲಿ ಇದೇ ಅಳಿವೆಯ ಆಚೆ ದಡದ ತದಡಿಯಲ್ಲಿ 4,000 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಇತ್ತು, ಊರವರು ಬಿಡಲಿಲ್ಲ.

ಅಳಿವೆಯ ಅಂಚಿನ ತಗ್ಗು ಗದ್ದೆಗಳಿಗೆ ಗಜನಿ ಅನ್ನುತ್ತಾರೆ. ಮಳೆಗಾಲದಲ್ಲಿ ಮಳೆನೀರು ಉಪ್ಪನ್ನು ತೊಳೆದ ಮೇಲೆ ಇಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಎತ್ತರಕ್ಕೆ ಬೆಳೆಯುವ ತಳಿ, ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುತ್ತದೆ, ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಗೊಬ್ಬರ, ಔಷಧಿ ಏನೂ ಹಾಕುವುದಿಲ್ಲ. ಕೊಯ್ಲು ಆದ ಮೇಲೆ ಅದೇ ಗದ್ದೆಗೆ ಭರತದ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಮಾಣಿಕಟ್ಟಾ ಕಡೆ ನಾವು ನೋಡಿದಾಗ ಬರೀ ನೀರು, ಕೊಕ್ಕರೆ. ಕೆಲವು ವಾರದ ಹಿಂದೆ ಇಲ್ಲಿ ಪೈರಿತ್ತು ಅಂದರೆ ನಂಬುವುದಕ್ಕೇ ಆಗಲಿಲ್ಲ. ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ತನಕ ನೀರಿನಲ್ಲಿ ನಿಂತು ಬೆಳಚು, ಅಂದರೆ ಚಿಪ್ಪಿಕಲ್ಲು, ಆರಿಸುತ್ತಿದ್ದರು. ಅವರಲ್ಲಿ ಒಬ್ಬಾಕೆ ಗೈಡ್‌ನ ಚಿಕ್ಕಮ್ಮ. ಅಕ್ಕ ಅವರ ಜೊತೆ ಮಾತಿಗೆ ನಿಂತವಳು ಬರಲೇ ಒಲ್ಲಳು. ಅಷ್ಟರಲ್ಲಿ ಗೈಡ್‌ಗೆ ಆಫೀಸಿನಿಂದ ಫೋನ್: ಗುಂಪು ಎಲ್ಲಿದೆ, ಸೂರ್ಯಾಸ್ತದ ಪಾಯಿಂಟ್‌ಗೆ ಯಾಕೆ ಇನ್ನೂ ಹೋಗಿಲ್ಲ. ಸೂರ್ಯಾಸ್ತಕ್ಕೂ ಪಾಯಿಂಟ್ ಬೇಕಾ? ಎದುರಿಗೆ ಅರಬ್ಬಿ ಸಮುದ್ರ ಪೂರ್ತಿ ಬಿದ್ದಿತ್ತು.

ರಾತ್ರಿ ಉಳಿದಿದ್ದು ಹೊಳೆ ಹತ್ತಿರದ ಒಂದು ಮನೆಯಲ್ಲಿ. ಕುಚಲಕ್ಕಿ ಅನ್ನ, ಬಂಗಡೆ ಸಾರು, ಮೀನು ತಿನ್ನದವರಿಗೆ ತಂಬುಳಿ ಮತ್ತು ಅಪ್ಪೆಹುಳಿ, ಕುಡಿಯುವುದಕ್ಕೆ ಮುರುಗಲು ಶರಬತ್ತು. ಊಟದಲ್ಲಿ ಒಂದು ಕೊರತೆ ಇಲ್ಲ. ಮಲಗುವುದಕ್ಕೆ ಚಾಪೆ, ತೆಳ್ಳಗಿನ ಹಾಸಿಗೆ. ಶೌಚಾಲಯ ಎರಡೇ, ಆದರೆ ಸ್ವಚ್ಛ. ಹೆಂಗಸರು ಗಮನಿಸಬೇಕಾದ್ದು ಏನೆಂದರೆ ಕುಮಟಾ ಕಡೆ ದಾರಿಯಲ್ಲಿ ಗೈಡ್ ತನ್ನ ಪರಿಚಯದ ಮನೆಗಳಲ್ಲಿ ಕೇಳಿ ವ್ಯವಸ್ಥೆ ಮಾಡುತ್ತಾನೆ, ಹೊಳೆ ದಾಟಿ ಬೇಲೆಕಾನ್ ಬೀಚ್ ಬಿಟ್ಟ ಮೇಲೆ ಓಂ ಬೀಚಿನ ತನಕ ಲೆಕ್ಕಕ್ಕೆ ಬರುವಂಥದ್ದು ಏನೂ ಇಲ್ಲ. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಮರುದಿನ ಬಾರ್ಜ್‌ನಲ್ಲಿ, ಅಂದರೆ ಜನ, ಬೈಕು ಎಲ್ಲ ದಾಟಿಸುವ ಚಪ್ಪಟೆ ದೋಣಿಯಲ್ಲಿ, ಹೊಳೆ ದಾಟಿ ತದಡಿಗೆ. ಬೈಕು, ಮೀನು ಬುಟ್ಟಿ, ಶಾಲೆ ಮಕ್ಕಳು, ನಾವು, ಎಲ್ಲ ಒಟ್ಟಿಗೆ. ತದಡಿ ದೊಡ್ಡ ಮೀನುಗಾರಿಕೆ ಬಂದರು, ಸಾಲಾಗಿ ದೋಣಿಗಳು. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುವಾಗ ಎಲ್ಲವೂ ದಡದಲ್ಲೇ. ಅದೊಂದು ಗಂಟೆ ನೋಡುವ ಜಾಗ, ನಮಗೆ ಸಿಕ್ಕಿದ್ದು ಚಹಾ ಕುಡಿಯುವಷ್ಟು ಹೊತ್ತು. ಯಾಕೆ ಅಂದರೆ ಅಲ್ಲಿ ಅದೇ ಸಂಸ್ಥೆಯ ಇನ್ನೊಂದು ಬಸ್ಸು ಕಾಯುತ್ತಿತ್ತು. ‘ಇಲ್ಲಿಂದ ಎರಡೂ ಬ್ಯಾಚ್ ಒಟ್ಟಿಗೆ’ ಅಂದರು. ಹನ್ನೆರಡರ ಗುಂಪು ಒಂದೇ ನಿಮಿಷದಲ್ಲಿ ಮೂರು ಪಟ್ಟಾಯಿತು, ಬ್ಲೂಟೂತ್ ಸ್ಪೀಕರ್ ಸಮೇತ. ಚಿಕ್ಕ ಗುಂಪು ಅಂತಲೇ ಜಾಸ್ತಿ ದುಡ್ಡು ಇಸಿದುಕೊಂಡವರು ಹೀಗೆ ಮಾಡಬಾರದು. ಕೇಳಿದರೆ ‘ಜಾಸ್ತಿ ಜನ ಇದ್ರೆ ಜಾಸ್ತಿ ಮಜಾ ಅಲ್ವಾ ಸರ್’ ಅನ್ನುವ ಉತ್ತರ.

ಅಲ್ಲಿಂದ ಮುಂದಿನದ್ದು ಬೇಗ ಹೇಳಿ ಮುಗಿಸುತ್ತೇನೆ. ಬೇಲೆಕಾನ್, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ. ಮೈಗೆ ಕಷ್ಟದ ಭಾಗವೂ ಇದೇ. ಕಾಲುದಾರಿ ಸಪೂರ, ಜಲ್ಲಿಕಲ್ಲು ಜಾರುತ್ತದೆ, ಕೆಲವು ಕಡೆ ಬಂಡೆ ಹಿಡಿದು ದಾಟಬೇಕು, ಭರತದ ಹೊತ್ತಿನಲ್ಲಿ ಆ ಬಂಡೆಗಳ ತಂಟೆಗೆ ಹೋಗದೆ ಮೇಲಿನಿಂದ ಸುತ್ತು ಹೊಡೆಯಬೇಕು. ಇಷ್ಟು ಜನ ಒಂದೇ ಸಾಲಿನಲ್ಲಿ ನಿಂತು ನಿಂತು ಹೋಗುವಾಗ ನೆತ್ತಿಯ ಮೇಲೆ ಸೂರ್ಯ, ನೆರಳಿಲ್ಲ. ಗೈಡ್ ಪಾಪ ಮುಂದೆ ಹಿಂದೆ ಓಡುವುದರಲ್ಲೇ ಸುಸ್ತಾದ, ಏನೂ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ಹಾಫ್ ಮೂನ್ ತಲುಪಿದಾಗ ಅಕ್ಕ ‘ನನ್ ಕೈಲಿ ಆಗಲ್ಲ ಕಣೋ, ದೋಣಿ ಕರಿ’ ಅಂದಳು. ದೋಣಿಯವರು ಓಂ ಬೀಚಿಗೆ ಬಿಡುತ್ತಾರೆ, ರೇಟು ಮಾತಾಡಿ ಹತ್ತಬೇಕು. ದುಡ್ಡು ನಮ್ಮದೇ. ಮಂಡಿ ನೋವಿರುವವರಿಗೆ ಇದನ್ನು ಪ್ಯಾಕೇಜಿನಲ್ಲೇ ಸೇರಿಸಿದ್ದರೆ ಅವರ ಗಂಟೇನು ಹೋಗುತ್ತಿರಲಿಲ್ಲ.

ಗೋಕರ್ಣದಲ್ಲಿ ದೇವಸ್ಥಾನಕ್ಕೆ ಅಂತ ಇಟ್ಟಿದ್ದು ಮುಕ್ಕಾಲು ಗಂಟೆ, ಅದೂ ಮಧ್ಯಾಹ್ನ ಬಾಗಿಲು ಹಾಕಿರುವ ಹೊತ್ತಿನಲ್ಲಿ. ಗಂಡಸರು ಅಂಗಿ ತೆಗೆದು ಪಂಚೆ ಉಟ್ಟೇ ಒಳಗೆ ಹೋಗಬೇಕು ಅನ್ನುವುದನ್ನೂ ಮೊದಲೇ ಯಾರೂ ಹೇಳಿರಲಿಲ್ಲ. ಮಹಾಬಲೇಶ್ವರನ ದರ್ಶನ ಆಗದೆ ಅಕ್ಕ ಊರು ಬಿಡುವವಳಲ್ಲ. ‘ಬಸ್ ಹೋದ್ರೆ ಹೋಗ್ಲಿ’ ಅಂದಳು, ನಾವು ಉಳಿದುಕೊಂಡೆವು. ಬಿಟ್ಟ ಸೀಟಿಗೆ ದುಡ್ಡು ವಾಪಸ್ ಬರಲಿಲ್ಲ, ಬರುತ್ತದೆ ಅಂದುಕೊಂಡೂ ಇರಲಿಲ್ಲ.

ಬುಕ್ ಮಾಡುವವರು ಇಷ್ಟು ಕೇಳಿ. ಅವತ್ತಿನ ಇಳಿತ ಎಷ್ಟು ಹೊತ್ತಿಗೆ, ಅದಕ್ಕೆ ತಕ್ಕ ಹಾಗೆ ನಡಿಗೆ ಶುರು ಮಾಡುತ್ತೀರಾ? ಗುಂಪು ಕೊನೆಯ ತನಕ ಇಷ್ಟೇ ಇರುತ್ತದಾ? ಗೈಡ್ ಎಲ್ಲಿಯವರು? ಮೊದಲ ಪ್ರಶ್ನೆಗೆ ತಡವರಿಸಿದರೆ ಅವರಿಗೆ ಕಡಲಿನ ಗಂಧ ಇಲ್ಲ ಅಂತಲೇ ಅರ್ಥ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಮಳೆಗಾಲದಲ್ಲಿ ಯಾರು ಕರೆದರೂ ಹೋಗಬೇಡಿ. ಚಿಕ್ಕ ಮಕ್ಕಳಿಗೆ ಮೊದಲ ಭಾಗ ಸಲೀಸು, ಎರಡನೆಯದು ಬೇಡ.

ಪ್ಯಾಕೇಜೇ ಬೇಡ ಅನ್ನುವವರಿಗೂ ದಾರಿ ಇದೆ. ರೈಲಿನಲ್ಲಿ ಕುಮಟಾಕ್ಕೆ ಬನ್ನಿ, ಕಾಗಾಲ, ಅಘನಾಶಿನಿ ಸುತ್ತಮುತ್ತ ಹೋಂಸ್ಟೇ ಹಿಡಿಯಿರಿ. ಜೊತೆಗೆ ಒಬ್ಬರನ್ನು ಕಳಿಸಿ ಅಂತ ಮನೆಯವರನ್ನೇ ಕೇಳಿ, ನಡೆಸಿದವರ ಕೈಗೇ ದುಡ್ಡು ಕೊಡಿ. ಗಜನಿ, ಹೊಳೆ, ಬಲೆ ಎಲ್ಲ ನಿಧಾನವಾಗಿ ನೋಡಿ ಬಾರ್ಜ್ ಹತ್ತಿ. ತದಡಿಯಿಂದ ಗೋಕರ್ಣಕ್ಕೆ ಬಸ್ಸು ಸಿಗುತ್ತದೆ.